ಓರ್ಕಾ ಷೋಗೆ ಮೊಮ್ಮಗನ್ನ ಕರ್ಕೊಂಡು ಹೋಗ್ಲಾ ಬೇಡ್ವಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ದು ಗೋಣಿಕೊಪ್ಪ ಹತ್ರ ತೋಟ. ಮಗ ಸೊಸೆ ಸ್ಯಾನ್ ಡಿಯಾಗೋದಲ್ಲಿ ಇದ್ದಾರೆ, ಕಾಫಿ ಮೆಣಸು ಎಲ್ಲ ಮುಗ್ಸಿ ಈ ಸಲ ಜೂನ್‌ಗೆ ನಾನೂ ಯಜಮಾನ್ರೂ ಅಲ್ಲಿಗೆ ಹೋಗ್ತಾ ಇದ್ದೀವಿ. ಮೊಮ್ಮಗನಿಗೆ ಏಳು ವರ್ಷ, ಓರ್ಕಾ, ಅದೇ ಕಡಲಲ್ಲಿರೋ ಆ ಕಪ್ಪು ಬಿಳಿ ದೊಡ್ಡ ಪ್ರಾಣಿ, ಅಂದ್ರೆ ಪ್ರಾಣ, ಮಲಗೋವಾಗ್ಲೂ ಅದರ ಬೊಂಬೆ ಪಕ್ಕದಲ್ಲಿ ಇರ್ಬೇಕು. ಹುಟ್ಟಿದ ಹಬ್ಬಕ್ಕೆ ಅಲ್ಲಿನ ಪಾರ್ಕಲ್ಲಿ ಓರ್ಕಾ ತೋರಿಸ್ಬೇಕು ಅಂತ ಮಗ. ಅದು ಜೈಲು, ನಾನಂತೂ ಬರಲ್ಲ ಅಂತ ಸೊಸೆ. ಮಗ ಹೇಳೋದು ಏನಂದ್ರೆ ಅವು ಅಲ್ಲೇ ಹುಟ್ಟಿದ್ದು, ಕಡಲು ಹೇಗಿರುತ್ತೆ ಅಂತಾನೇ ಗೊತ್ತಿಲ್ಲ, ಹೊತ್ತು ಹೊತ್ತಿಗೆ ಮೀನು, ಡಾಕ್ಟ್ರು, ಇನ್ನೇನು ಬೇಕು, ದುಬಾರೇಲಿ ನಾವೇ ಆನೆ ಬೆನ್ನು ಉಜ್ಜಿ ಫೋಟೋ ತೆಗೆಸ್ಕೊಂಡಿಲ್ವಾ ಅಂತ. ಯಜಮಾನ್ರು ಅದು ನರಭಕ್ಷಕ ತಿಮಿಂಗಿಲ, ತೊಟ್ಟೀಲಿ ಇರೋದೇ ಒಳ್ಳೇದು ಅಂತಾರೆ. ಯಾರು ಹೇಳೋದು ಸರಿ? ಅಷ್ಟು ಕಷ್ಟ ಇದ್ರೆ ಕಡಲಿಗೆ ಬಿಟ್ಬಿಡೋಕೆ ಏನು? ಮಗುಗೆ ಏನಂತ ಹೇಳ್ಲಿ?

ಉತ್ತರ: ಅಮ್ಮಾ, ನೀವು ಕೇಳಿರೋದು ನಾಲ್ಕೈದು ಪ್ರಶ್ನೆ, ಆದ್ರೆ ನಿಮ್ಮನ್ನ ಕೊರೀತಿರೋದು ಆ ದುಬಾರೆ ಮಾತು ಅಂತ ನಂಗೆ ಅನ್ನಿಸ್ತು. ಆನೆ ಬೆನ್ನಿಗೆ ನೀರು ಹಾಕಿ ಖುಷಿಪಟ್ಟ ನಾವು ಅಮೆರಿಕದವರ ತೊಟ್ಟಿ ಬಗ್ಗೆ ಬೆರಳು ತೋರಿಸ್ಬೋದಾ ಅಂತ. ಅದಕ್ಕೆ ಆಮೇಲೆ ಬರ್ತೀನಿ, ತಪ್ಪಿಸ್ಕೊಳ್ಳಲ್ಲ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಆನೆ ಡಾಕ್ಟ್ರು, ತಿಮಿಂಗಿಲದ ಡಾಕ್ಟ್ರಲ್ಲ. ಸರ್ವೀಸಿನ ಬಹುಪಾಲು ಶಿಬಿರದ ಆನೆಗಳ ಕಾಲುಗುರು, ಹಲ್ಲು, ಸರಪಳಿ ಗಾಯ ನೋಡ್ಕೊಂಡು ಕಳೆದಿದ್ದು. ಆದ್ರೆ ದೊಡ್ಡ ತಲೆ, ದೊಡ್ಡ ಕುಟುಂಬ, ಉದ್ದ ಆಯಸ್ಸು ಇರೋ ಪ್ರಾಣೀನ ಮನುಷ್ಯ ಹಿಡಿದಿಟ್ರೆ ಏನಾಗುತ್ತೆ ಅನ್ನೋದು ನೀರಲ್ಲೂ ನೆಲದಲ್ಲೂ ಬಹಳ ಬೇರೆ ಏನಲ್ಲ. ಓರ್ಕಾ ಷೋ ಒಂದ್ಸಲ ನೋಡಿದ್ದೀನಿ, ಹೊರದೇಶದಲ್ಲಿ, ತುಂಬ ವರ್ಷದ ಹಿಂದೆ. ಐದಾರು ಟನ್ನಿನ ಪ್ರಾಣಿ ನೀರಿಂದ ಪೂರ್ತಿ ಮೇಲೆದ್ದು ಬಿದ್ದಾಗ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಕಣ್ಣು ಅಭ್ಯಾಸ ಬಲದಿಂದ ಬೇರೆ ಕಡೆ ಹೋಯ್ತು. ಗಂಡು ಓರ್ಕಾದ ಬೆನ್ನ ಮೇಲಿನ ಆ ಎತ್ತರದ ರೆಕ್ಕೆ ಬಾಡಿದ ಬಾಳೆಲೆ ಥರ ಒಂದು ಪಕ್ಕಕ್ಕೆ ಮಡಚಿ ಮಲಗಿತ್ತು. ಟ್ರೇನರ್ ಸೊಂಟದಲ್ಲಿ ವಿಷಲ್, ಕೈಯಲ್ಲಿ ಮೀನಿನ ಬಕೆಟ್, ಒಂದು ಆಟ ಒಂದು ಮೀನು. ನಮ್ಮ ಮಾವುತರು ಭತ್ತ ಬೆಲ್ಲ ಹುಲ್ಲಲ್ಲಿ ಸುತ್ತಿ ಕುಸುರೆ ಮಾಡಿ ಬಾಯಿಗೆ ಇಡೋದು ನೆನಪಾಯ್ತು.

ಈಗ ಯಜಮಾನ್ರ ಮಾತು. ಓರ್ಕಾ ಅನ್ನೋದು ನಿಜಕ್ಕೂ ಡಾಲ್ಫಿನ್ ಜಾತಿ, ಡಾಲ್ಫಿನ್‌ಗಳಲ್ಲೇ ಎಲ್ಲಕ್ಕಿಂತ ದೊಡ್ಡದು. ಕೊಲೆಗಾರ ಅನ್ನೋ ಹೆಸರು ಬಂದಿದ್ದು ಅದು ಗುಂಪು ಕಟ್ಟಿ ತಿಮಿಂಗಿಲಗಳನ್ನೂ ಬೇಟೆ ಆಡುತ್ತೆ ಅಂತ, ಮನುಷ್ಯರನ್ನ ಅಲ್ಲ. ಕಡಲಲ್ಲಿರೋ ಕಾಡು ಓರ್ಕಾ ಮನುಷ್ಯನನ್ನ ಕೊಂದ ಒಂದೇ ಒಂದು ದಾಖಲೆ ಇಲ್ಲ. ಸ್ಪೇನ್ ಪೋರ್ಚುಗಲ್ ಕಡೆ 2020ರಿಂದ ಒಂದಷ್ಟು ಓರ್ಕಾಗಳು ದೋಣಿಗಳ ಚುಕ್ಕಾಣಿ ಮುರಿದು ಹಾಕ್ತಾ ಇವೆ, ಕೆಲವು ದೋಣಿ ಮುಳುಗಿವೆ, ಅಲ್ಲೂ ಜನರ ಮೈ ಮುಟ್ಟಿಲ್ಲ. ಆದ್ರೆ ತೊಟ್ಟಿಗಳಲ್ಲಿ ನಾಲ್ಕು ಜನ ಸತ್ತಿದ್ದಾರೆ. ಅದರಲ್ಲಿ ಮೂರು ಸಾವಲ್ಲಿ ಇದ್ದಿದ್ದು ಒಂದೇ ಗಂಡು, ಹೆಸರು ಟಿಲಿಕಮ್. 1983ರಲ್ಲಿ ಐಸ್‌ಲ್ಯಾಂಡ್ ಹತ್ರ ಹಿಡಿದಾಗ ಅದಕ್ಕೆ ಸುಮಾರು ಎರಡು ವರ್ಷ, ಅಂದ್ರೆ ತಾಯಿ ಪಕ್ಕ ಬಿಡದ ಮರಿ. ಕೆನಡಾದ ಒಂದು ಚಿಕ್ಕ ಪಾರ್ಕಲ್ಲಿ 1991ರಲ್ಲಿ ಒಬ್ಬ ಟ್ರೇನರ್, ಆಮೇಲೆ ಫ್ಲೋರಿಡಾಗೆ ಬಂದ್ಮೇಲೆ 1999ರಲ್ಲಿ ರಾತ್ರಿ ಕದ್ದು ನುಗ್ಗಿದ ಒಬ್ಬ ಮನುಷ್ಯ, 2010ರ ಫೆಬ್ರವರಿಯಲ್ಲಿ ಬಹಳ ಅನುಭವ ಇದ್ದ ಇನ್ನೊಬ್ಬ ಟ್ರೇನರ್. ಅದು 2017ರ ಜನವರಿಯಲ್ಲಿ ಸತ್ತಿತು. ಆಗ ಎಲ್ರೂ ಕೇಳಿದ್ರು ಅದು ಕೆಟ್ಟ ಪ್ರಾಣೀನಾ ಅಂತ. ನಾನು ನೋಡ್ಕೋತಿದ್ದ ಒಂದು ಗಂಡಾನೆ ಮದದಲ್ಲಿದ್ದಾಗ ಕಾವಾಡಿಯೊಬ್ಬನ (ಮಾವುತನ ಸಹಾಯಕ) ಭುಜ ಮುರೀತು, ಹನ್ನೆರಡು ವರ್ಷ ತನಗೆ ಊಟ ಹಾಕಿದವನದ್ದು. ಆಸ್ಪತ್ರೆಯಲ್ಲಿ ಮಲಗಿದ್ದೇ ಅವನು ನಂಗೆ ಹೇಳಿದ್ದು, ಅದಕ್ಕೆ ಬಯ್ಬೇಡಿ ಸಾರ್, ಹುರಿ ಬಿಗಿ ಮಾಡಿದ್ದು ನಾನು ಅಂತ. ದೂರ ಹೋಗೋಕೆ ಜಾಗ ಇದ್ರೆ ಸಿಟ್ಟು ಬಂದ ಪ್ರಾಣಿ ದೂರ ಹೋಗುತ್ತೆ, ಇಲ್ದಿದ್ರೆ ಹತ್ರ ಇದ್ದವರ ಮೇಲೆ ಬೀಳುತ್ತೆ.

ಮಗ ಹೇಳೋದರಲ್ಲಿ ಅರ್ಧ ನಿಜ ಇದೆ. ಈಗ ತೊಟ್ಟಿಗಳಲ್ಲಿ ಇರೋ ಓರ್ಕಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಲ್ಲೇ ಹುಟ್ಟಿದವು. ಔಷಧೋಪಚಾರ ಅರವತ್ತು ಎಪ್ಪತ್ತರ ದಶಕಕ್ಕೆ ಹೋಲಿಸಿದ್ರೆ ಎಷ್ಟೋ ಮೇಲು, ಆಗ ಹಿಡಿದು ತಂದವುಗಳಲ್ಲಿ ಬಹಳಷ್ಟು ವರ್ಷ ಎರಡು ವರ್ಷಕ್ಕೆ ಸಾಯ್ತಿದ್ದವು. 1961ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಓರ್ಕಾ ಹಿಡಿದು ತೊಟ್ಟಿಗೆ ಹಾಕಿದ್ರು, ಎರಡು ದಿನಕ್ಕೆ ಸತ್ತಿತು. ಈಗ ನೋಡ್ಕೊಳ್ಳೋ ಟ್ರೇನರ್‌ಗಳಿಗೆ ಆ ಪ್ರಾಣಿ ಮೇಲೆ ಇರೋ ಪ್ರೀತೀನೂ ನಿಜ, ಯಾರಾದ್ರೂ ಅವರನ್ನ ಕಟುಕರು ಅಂದ್ರೆ ನಾನು ಒಪ್ಪಲ್ಲ. ಆದ್ರೆ ಹೊಟ್ಟೆಗೆ, ಮೈಗೆ ಏನು ಬೇಕೋ ಅದನ್ನ ಬಕೆಟಲ್ಲಿ ತರಬಹುದು, ಓರ್ಕಾಗೆ ಅದರ ಮೇಲೆ ಇನ್ನೆರಡು ಬೇಕು, ತನ್ನ ಹಿಂಡು ಮತ್ತೆ ದೂರ. ಎಷ್ಟೇ ದುಡ್ಡು ಸುರಿದ್ರೂ ಆ ಎರಡನ್ನ ತೊಟ್ಟೀಲಿ ಕೊಡೋಕೆ ಆಗಲ್ಲ. ನನ್ನ ವಾದ ಇಷ್ಟೇ, ಹಿಂಸೆ ಗಿಂಸೆ ಅನ್ನೋ ಮಾತೆಲ್ಲ ಆಮೇಲೆ.

ಹಿಂಡು ಅಂದ್ರೆ ಏನು ಅಂತ ನಿಮಗೆ ಸುಲಭವಾಗಿ ಹೇಳ್ಬೋದು, ಕೊಡಗಿನವರಲ್ವಾ, ಒಕ್ಕ ಅಂದ್ರೆ ಸಾಕು, ಒಂದೇ ಮೂಲದ ದೊಡ್ಡ ಕುಟುಂಬ. ನಮ್ಮಲ್ಲಿ ಒಕ್ಕ ಅಪ್ಪನ ಕಡೆಯಿಂದ, ಅವುಗಳದ್ದು ಅಮ್ಮನ ಕಡೆಯಿಂದ. ಅಮೆರಿಕ ಕೆನಡಾದ ಪಶ್ಚಿಮ ತೀರದಲ್ಲಿ ಸಾಲ್ಮನ್ ಮೀನು ತಿಂದು ಬದುಕೋ ಓರ್ಕಾಗಳಲ್ಲಿ ಗಂಡು ಮಕ್ಕಳೂ ಹೆಣ್ಣು ಮಕ್ಕಳೂ ಜೀವ ಇರೋವರೆಗೆ ತಾಯಿ ಜೊತೇನೇ, ಯಾರೂ ಮನೆ ಬಿಟ್ಟು ಹೋಗಲ್ಲ. ಹೆಣ್ಣು ನಲವತ್ತರ ಸುಮಾರಿಗೆ ಮರಿ ಹಾಕೋದು ನಿಲ್ಲಿಸುತ್ತೆ, ಆಮೇಲೂ ದಶಕಗಟ್ಟಲೆ ಬದುಕುತ್ತೆ, ಎಂಬತ್ತರ ತನಕ ಹೋಗಿದ್ದೂ ಇದೆ, ಮೀನು ಕಮ್ಮಿ ಆದ ವರ್ಷ ಎಲ್ಲಿ ಸಿಗುತ್ತೆ ಅಂತ ಮುಂದೆ ಈಜಿ ದಾರಿ ತೋರಿಸೋದು ಆ ಅಜ್ಜೀನೇ. ಒಂದೊಂದು ಹಿಂಡಿಗೆ ಒಂದೊಂದು ಥರದ ಕೂಗು ಇದೆ, ಇಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವರ ಮಾತು ಇಲ್ವಾ ಹಾಗೆ. ಪಾರ್ಕ್‌ನವರು ಐಸ್‌ಲ್ಯಾಂಡಿನ ಓರ್ಕಾನ ತಂದು ಪೆಸಿಫಿಕ್ ಓರ್ಕಾ ಜೊತೆ ಒಂದೇ ತೊಟ್ಟೀಲಿ ಬಿಡ್ತಿದ್ರು, ಜಗಳ ಆದ್ರೆ ತಪ್ಪಿಸ್ಕೊಂಡು ಹೋಗೋಕೆ ಕಡಲಿಲ್ಲ. 2018ರಲ್ಲಿ ಸಿಯಾಟಲ್ ಕಡೆಯ ಒಂದು ತಾಯಿ ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತ ಮರೀನ ಮೂತಿ ಮೇಲೆ ಹೊತ್ಕೊಂಡು 17 ದಿನ, ಹೆಚ್ಚುಕಮ್ಮಿ 1600 ಕಿಲೋಮೀಟರ್ ಈಜಿತು. ಆನೆ ಸತ್ತ ಮರಿ ಪಕ್ಕ ನಿಲ್ಲೋದನ್ನ ತೋಟದವರು ನೀವೆಲ್ಲ ನೋಡಿರ್ತೀರ, ಅದಕ್ಕೆ ಜಾಸ್ತಿ ವಿವರಿಸಲ್ಲ.

ಇನ್ನು ದೂರದ ವಿಷಯ. ದಿನಕ್ಕೆ ನೂರು ಕಿಲೋಮೀಟರ್ ಆರಾಮಾಗಿ ಹೋಗ್ತವೆ, ಮಡಿಕೇರಿ ಬಿಟ್ಟು ಮೈಸೂರು ಹತ್ರ ಹತ್ರ. ನೂರಾರು ಮೀಟರ್ ಆಳಕ್ಕೆ ಮುಳುಗ್ತವೆ. ಈಗ ಮಯಾಮಿಯ ಒಂದು ಪಾರ್ಕಲ್ಲಿದ್ದ ಟೋಕಿಟೇ ಅನ್ನೋ ಹೆಣ್ಣನ್ನ ನೋಡಿ, ಷೋದಲ್ಲಿ ಇಟ್ಟ ಹೆಸರು ಲೊಲಿಟಾ. 1970ರ ಆಗಸ್ಟಲ್ಲಿ ವಾಷಿಂಗ್ಟನ್ ರಾಜ್ಯದ ಪೆನ್ ಕೋವ್ ಅನ್ನೋ ಕೊಲ್ಲೀಲಿ ದೋಣಿ ಓಡಿಸಿ ಪಟಾಕಿ ಥರ ಸಿಡಿಮದ್ದು ಹಾಕಿ ಎಂಬತ್ತರಷ್ಟು ಓರ್ಕಾಗಳನ್ನ ಬಲೆಗೆ ತಳ್ಳಿದ್ರು, ಕಾಕನಕೋಟೆ ಖೆಡ್ಡಾ ನೆನೆಸ್ಕೊಳ್ಳಿ, ಅದೇ ಉಪಾಯ ನೀರಲ್ಲಿ. ಮರಿಗಳನ್ನ ಬೇರೆ ಮಾಡಿ ಏಳನ್ನ ಮಾರಿದ್ರು. ಬಲೇಲಿ ಸಿಕ್ಕಿ ಸತ್ತ ಮರಿಗಳ ಹೊಟ್ಟೆ ಸೀಳಿ ಕಲ್ಲು ತುಂಬಿ ಮುಳುಗಿಸಿದ್ರು, ಯಾರಿಗೂ ಗೊತ್ತಾಗ್ಬಾರ್ದು ಅಂತ, ಆಮೇಲೆ ಅವು ದಡಕ್ಕೆ ಬಂದು ಬಿದ್ದು ಗೊತ್ತಾಯ್ತು. ಟೋಕಿಟೇ ಇದ್ದ ತೊಟ್ಟಿ 80 ಅಡಿ ಉದ್ದ 35 ಅಡಿ ಅಗಲ, ಎಲ್ಲಕ್ಕಿಂತ ಆಳ ಇದ್ದ ಕಡೆ 20 ಅಡಿ. ಅದರ ಮೈಯೇ 20 ಅಡಿ ಉದ್ದ. ನಿಮ್ಮ ಕಾಫಿ ಒಣಗಿಸೋ ಕಣ ಇದಕ್ಕಿಂತ ದೊಡ್ಡದಿರುತ್ತೆ ಅಮ್ಮಾ. ಅಲ್ಲಿ 53 ವರ್ಷ ಕಳೀತು. 2023ರ ಆಗಸ್ಟ್ 18ಕ್ಕೆ ಸತ್ತಿತು, ಅದೂ ಇನ್ನೇನು ಹುಟ್ಟಿದ ಕಡಲಿಗೆ ಕರ್ಕೊಂಡು ಹೋಗ್ತೀವಿ ಅಂತ ಪ್ಲಾನ್ ಮಾಡ್ತಾ ಇರೋವಾಗ.

ಸ್ಯಾನ್ ಡಿಯಾಗೋದಲ್ಲಿ ತೊಟ್ಟಿ ಅದಕ್ಕಿಂತ ಎಷ್ಟೋ ದೊಡ್ಡದು, ಅದನ್ನ ಹೇಳ್ಲೇಬೇಕು. ಆದ್ರೆ ಎಲ್ಲವೂ ಅಲ್ಲೇ ಹುಟ್ಟಿದವು ಅನ್ನೋ ನಿಮ್ಮ ಮಗನ ಮಾತಿಗೆ ಅಲ್ಲಿನ ಕಾರ್ಕಿ ಅನ್ನೋ ಹೆಣ್ಣೇ ಉತ್ತರ. 1969ರಲ್ಲಿ ಕೆನಡಾ ತೀರದಲ್ಲಿ ಹಿಡಿದಿದ್ದು, ಅರ್ಧ ಶತಮಾನಕ್ಕಿಂತ ಹೆಚ್ಚು ತೊಟ್ಟಿ ಜೀವನ, ಏಳು ಸಲ ಗಬ್ಬ ಆದ್ರೂ ಒಂದು ಮರೀನೂ ಎರಡು ತಿಂಗಳು ದಾಟ್ಲಿಲ್ಲ. ಅದರ ಒಕ್ಕದವು ಇನ್ನೂ ಅದೇ ನೀರಲ್ಲಿ ಓಡಾಡ್ಕೊಂಡಿವೆ.

ಆ ಮಡಚಿದ ರೆಕ್ಕೆ ಬಗ್ಗೆ ಎರಡೂ ಕಡೆಯವರು ಸ್ವಲ್ಪ ಜಾಸ್ತೀನೇ ಹೇಳ್ತಾರೆ. ರೆಕ್ಕೇಲಿ ಮೂಳೆ ಇಲ್ಲ, ಗಟ್ಟಿ ನಾರಿನ ಅಂಗಾಂಶ ಅಷ್ಟೇ, ಗಂಡಲ್ಲಿ ಆರಡಿ ಎತ್ತರ ಬೆಳೆಯುತ್ತೆ, ಸದಾ ಮೇಲ್ಮೈಲಿ ಇದ್ದು ನೀರಿನ ಆಸರೆ ತಪ್ಪಿದಾಗ ಬಗ್ಗುತ್ತೆ ಅನ್ನೋದು ಸಾಮಾನ್ಯ ವಿವರಣೆ. ಅದರಿಂದ ನೋವಿದೆ ಅನ್ನೋಕೆ ಆಧಾರ ಇಲ್ಲ, ಆದ್ರೆ ಸಾಕಿದ ದೊಡ್ಡ ಗಂಡುಗಳಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕೂ ಬಗ್ಗಿರುತ್ತೆ, ಕಡಲಲ್ಲಿ ಅಪರೂಪ. ನನ್ನನ್ನ ಕೇಳಿದ್ರೆ ರೆಕ್ಕೆ ಬಿಟ್ಟು ಹಲ್ಲು ನೋಡಿ. ಬೇಸರಕ್ಕೆ ಕಾಂಕ್ರೀಟ್ ಅಂಚು, ಗೇಟಿನ ಕಬ್ಬಿಣ ಕಡೀತವೆ, ಹಲ್ಲು ಸವೆದು ಮುರಿದು ಒಳಗಿನ ಮಜ್ಜೆ ತೆರ್ಕೊಳ್ಳುತ್ತೆ, ಆಗ ಡ್ರಿಲ್ ಹಾಕಿ ತೂತು ಮಾಡಿ ದಿನಾ ತೊಳೀಬೇಕು. ಒಂದೇ ಕಂಪನಿಯ 29 ಓರ್ಕಾಗಳ ಹಲ್ಲುಗಳನ್ನ ಸಂಶೋಧಕರು ನೋಡಿದ್ರು, ಹಲ್ಲು ಕೆಡದ ಒಂದೇ ಒಂದು ಪ್ರಾಣಿ ಸಿಗ್ಲಿಲ್ಲ. ಕಟ್ಟಿದ ಆನೆ ನಿಂತಲ್ಲೇ ತಲೆ ತೂಗ್ತಾ ಇರುತ್ತಲ್ಲ, ಪ್ರವಾಸಿಗರು ಡ್ಯಾನ್ಸ್ ಮಾಡ್ತಿದೆ ಅಂತ ವಿಡಿಯೋ ಮಾಡ್ತಾರೆ, ಎರಡೂ ಒಂದೇ ಕಾಯಿಲೆ.

ಸರಿ, ದುಬಾರೆ. ವ್ಯತ್ಯಾಸ ಇದೆ, ಆದ್ರೆ ನಮಗೆ ಪೂರ್ತಿ ಸಮಾಧಾನ ಆಗೋಷ್ಟು ಇಲ್ಲ. ನಮ್ಮ ಶಿಬಿರದ ಆನೆಗಳಲ್ಲಿ ಎಷ್ಟೋ ಬಂದಿದ್ದು ತೋಟಕ್ಕೆ ನುಗ್ಗಿ ಜನ ಸತ್ತ ಮೇಲೆ ಹಿಡಿದಿದ್ದು, ಟಿಕೆಟ್ ಮಾರೋಕೆ ಅಂತ ಹಿಡಿದಿದ್ದಲ್ಲ. ಸಂಜೆ ಆದ್ರೆ ಕಾಡಿಗೆ ಬಿಡ್ತಾರೆ, ಕಾಲಿಗೆ ಒಂದು ಉದ್ದ ಸರಪಳಿ ಎಳ್ಕೊಂಡು ಹೋಗುತ್ತೆ, ಬೆಳಿಗ್ಗೆ ಜೇನುಕುರುಬ ಹುಡುಗರು ನೆಲದ ಮೇಲೆ ಸರಪಳಿ ಗೀಚಿದ ಗೆರೆ ಹಿಡ್ಕೊಂಡು ಹುಡುಕ್ತಾ ಹೋಗ್ತಾರೆ, ನಾನೂ ಎಷ್ಟೋ ಸಲ ಅವರ ಹಿಂದೆ ಇಬ್ಬನೀಲಿ ಒದ್ದೆ ಆಗಿ ನಡೆದಿದ್ದೀನಿ. ರಾತ್ರಿ ಅದು ತಿನ್ನೋದು ತನ್ನದೇ ಕಾಡಿನ ಬಿದಿರು, ಒಮ್ಮೊಮ್ಮೆ ಕಾಡಾನೆ ಜೊತೆ ಸೇರುತ್ತೆ, ಮರೀನೂ ಆಗುತ್ತೆ. ಅರ್ಧ ಜೀವನ ಆದ್ರೂ ಆನೆ ಜೀವನ. ಆ ಅರ್ಧ ಇದ್ದಿದ್ದಕ್ಕೇ ದುಬಾರೆಯ ಕುಶನನ್ನ 2021ರಲ್ಲಿ ರೇಡಿಯೋ ಕಾಲರ್ ಹಾಕಿ ಬಂಡೀಪುರದ ಕಾಡಿಗೆ ಬಿಡೋ ಧೈರ್ಯ ಮಾಡಿದ್ದು. ಆದ್ರೆ ಕ್ರಾಲ್, ಅಂದ್ರೆ ದಿಮ್ಮಿಗಳ ದೊಡ್ಡಿ ಒಳಗೆ ಹೊಸದಾಗಿ ಹಿಡಿದ ಆನೆ ಮೊದಲ ವಾರ ದಿಮ್ಮಿಗೆ ತಲೆ ಗುದ್ದಿ ಕೂಗೋದನ್ನ ನಾನು ಕೇಳಿದ್ದೀನಿ, ಈಗ್ಲೂ ಕೆಲವೊಮ್ಮೆ ನಿದ್ದೇಲಿ ಕೇಳುತ್ತೆ. ಆಮೇಲೆ ಸಾಲಾಗಿ ಇನ್ನೂರು ಜನ ಸೋಪು ಹಿಡ್ಕೊಂಡು ಬೆನ್ನುಜ್ಜೋದು ಆನೆಗೆ ಬೇಕಾಗಿದ್ದಲ್ಲ, ಅದು ನಮಗೆ ಬೇಕಾಗಿದ್ದು. ಆನೆಗೆ ಸ್ನಾನ ಮಾಡಿಸೋಕೆ ಮಾವುತ ಒಬ್ಬನೇ ಸಾಕು. ಹಾಗಾಗಿ ನಿಮ್ಮ ಮಗ ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದ್ರೆ ಇಲ್ಲಿ ನಾವು ತಪ್ಪು ಮಾಡ್ತೀವಿ ಅಂದ ಮಾತ್ರಕ್ಕೆ ಅಲ್ಲಿನದು ಸರಿ ಆಗಲ್ವಲ್ಲ, ಮುಂದಿನ ಸಲ ದುಬಾರೇಲೂ ಸೋಪು ಮುಟ್ಟದೆ ದಡದಲ್ಲಿ ನಿಂತು ನೋಡಿ ಅಂತೀನಿ ನಾನು.

ನಮ್ಮ ದೇಶದ್ದು ಒಂದು ಮಾತು, ಹೆಮ್ಮೆ ಇದೆ ಅದಕ್ಕೇ ಹೇಳ್ತೀನಿ. 2013ರ ಮೇನಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಡಾಲ್ಫಿನ್ ಷೋ ಪಾರ್ಕ್‌ಗಳಿಗೆ ಅನುಮತಿ ಇಲ್ಲ ಅಂತ ಸುತ್ತೋಲೆ ಹೊರಡಿಸ್ತು. ಕೊಚ್ಚಿ ಕಡೆಯೆಲ್ಲ ಪ್ಲಾನ್ ನಡೀತಿತ್ತು, ಅಲ್ಲಿಗೇ ನಿಂತಿತು.

ಬಿಟ್ಬಿಡೋಕೆ ಏನು ಅಂದ್ರಲ್ಲ, ಇಲ್ಲಿ ಸೊಸೆ ಕಡೆಯವರೂ ಸ್ವಲ್ಪ ತಪ್ಪು ತಿಳ್ಕೊಂಡಿರ್ತಾರೆ. ಕೈಕೋ ಅನ್ನೋ ಗಂಡು, ಸಿನಿಮಾದಲ್ಲಿ ಆಕ್ಟ್ ಮಾಡಿ ಪ್ರಸಿದ್ಧ ಆಗಿದ್ದು, ಅದನ್ನ ಮೆಕ್ಸಿಕೋದಿಂದ ಬಿಡಿಸಿ ಒರೆಗಾನ್‌ನಲ್ಲಿ ಸುಧಾರಿಸಿ 1998ರಲ್ಲಿ ಐಸ್‌ಲ್ಯಾಂಡಿನ ಕೊಲ್ಲಿಗೆ ತಂದ್ರು. ಕೋಟಿಗಟ್ಟಲೆ ಡಾಲರ್ ಖರ್ಚು. 2002ರಲ್ಲಿ ಕಡಲು ದಾಟಿ ನಾರ್ವೆಗೆ ಹೋಯ್ತು, ಅಲ್ಲಿ ಮನುಷ್ಯರ ದೋಣಿ ಹುಡುಕ್ಕೊಂಡು ಬಂತು, ಮಕ್ಕಳು ಅದರ ಬೆನ್ನು ಸವರಿದ್ರು, 2003ರ ಡಿಸೆಂಬರಲ್ಲಿ ನ್ಯುಮೋನಿಯಾ ಆಗಿ ಸತ್ತಿತು. ಕಾಡು ಓರ್ಕಾಗಳ ಜೊತೆ ಕೊನೆಗೂ ಬೆರೀಲಿಲ್ಲ. ಅದೇ 2002ರಲ್ಲಿ ಸ್ಪ್ರಿಂಗರ್ ಅನ್ನೋ ತಬ್ಬಲಿ ಮರಿ ಸಿಯಾಟಲ್ ಹತ್ರ ಒಂಟಿಯಾಗಿ ಸಿಕ್ತು, ಕೂಗು ಕೇಳಿ ಯಾವ ಹಿಂಡಿಂದು ಅಂತ ಪತ್ತೆ ಮಾಡಿ ಕೆನಡಾ ನೀರಿಗೆ ಒಯ್ದು ಬಿಟ್ರು, ಅವು ಸೇರಿಸ್ಕೊಂಡವು, ಈಗ ಅದಕ್ಕೇ ಮರಿಗಳಿವೆ. ಕೆಲವೇ ತಿಂಗಳು ದೂರ ಇದ್ದು ಮನೆಯವರು ಯಾರು ಅಂತ ಗೊತ್ತಿದ್ರೆ ಆಗುತ್ತೆ, ಇಪ್ಪತ್ತು ವರ್ಷ ಕರಗಿಸಿದ ಐಸ್ ಮೀನು ತಿಂದು ಬೆಳೆದ, ಹಲ್ಲು ಹಾಳಾದ, ಬೇಟೆ ಗೊತ್ತಿಲ್ಲದ, ಎರಡು ಬೇರೆ ಬೇರೆ ಕಡಲಿನ ರಕ್ತ ಬೆರೆತ ಪ್ರಾಣಿಯನ್ನ ಬಿಟ್ರೆ ಉಪವಾಸಕ್ಕೆ ಕಳಿಸಿದ ಹಾಗೆ. ಮಧ್ಯದ ದಾರಿ ಅಂದ್ರೆ ಕೊಲ್ಲಿಗೆ ಬಲೆ ಹಾಕಿ ಅಲ್ಲೇ ಸಾಕೋದು. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಅಂಥ ಜಾಗಕ್ಕೆ ವರ್ಷಗಳಿಂದ ಓಡಾಡ್ತಿದ್ದಾರೆ. ನಿಜವಾದ ಅಲೆ, ಜೀವಂತ ಮೀನು, ಆಳ ಸಿಗುತ್ತೆ, ಆದ್ರೆ ಬಿರುಗಾಳಿ, ಹೊಸ ರೋಗ, ಸಾಗಾಟದಲ್ಲಿ ಸಾವು, ಇನ್ನು ಮೂವತ್ತು ವರ್ಷ ಖರ್ಚು ಯಾರು ಕೊಡೋದು ಅನ್ನೋದು, ಎಲ್ಲ ಇದೆ. ಫ್ರಾನ್ಸಲ್ಲಿ ಕಾನೂನು ಬಂದು 2025ರ ಜನವರಿಯಲ್ಲಿ ಆಂಟೀಬ್ ಊರಿನ ಪಾರ್ಕ್ ಮುಚ್ಚಿದ್ರು, ಗೇಟಿಗೆ ಬೀಗ ಬಿತ್ತು, ಒಳಗೆ ತಾಯಿ ಮಗ ಎರಡು ಓರ್ಕಾ ಎಲ್ಲಿಗೆ ಹೋಗ್ಬೇಕು ಅಂತ ತೀರ್ಮಾನ ಆಗದೆ ತಿಂಗಳುಗಟ್ಟಲೆ ಅಲ್ಲೇ ಉಳಿದವು.

ಇದಕ್ಕೇ ನಂಗೆ ಸರಿ ಕಾಣೋದು ಹೊಸ ಮರಿ ಹುಟ್ಟಿಸೋದನ್ನ ನಿಲ್ಲಿಸಿದ್ದು. ನೀವು ಹೋಗೋ ಪಾರ್ಕಿನ ಕಂಪನಿ 2016ರ ಮಾರ್ಚಲ್ಲೇ ಇನ್ನು ಓರ್ಕಾ ಮರಿ ಮಾಡಿಸಲ್ಲ, ಇದೇ ಕೊನೇ ತಲೆಮಾರು ಅಂತ ಘೋಷಿಸ್ತು, ಅದೇ ವರ್ಷ ಕ್ಯಾಲಿಫೋರ್ನಿಯಾ ಕಾನೂನೂ ಮಾಡ್ತು. ಹಾಗಾಗಿ ನಿಮ್ಮ ಟಿಕೆಟ್ ದುಡ್ಡಿಂದ ಅಲ್ಲಿಗೆ ಹೊಸ ಓರ್ಕಾ ಹಿಡಿದು ತರ್ತಾರೆ ಅನ್ನೋದು ನಿಜ ಅಲ್ಲ. ಈಗ ಅಲ್ಲಿ ನಡೆಯೋದು ಮ್ಯೂಸಿಕ್ ಹಾಕಿ ಕುಣಿಸೋ ಹಳೇ ಷೋ ಅಲ್ಲ, ಕಾನೂನಿನ ಪ್ರಕಾರ ಮಾಹಿತಿ ಕಾರ್ಯಕ್ರಮ, ಆದ್ರೂ ಜಿಗಿಯೋದು ನೀರೆರಚೋದು ಇದ್ದೇ ಇದೆ. ಹೊಸದಾಗಿ ಹಿಡಿಯೋ ದಂಧೆ ಇತ್ತೀಚೆಗೆ ನಡೆದಿದ್ದು ರಷ್ಯಾ ಚೀನಾ ಕಡೆ, 2018ರಲ್ಲಿ ರಷ್ಯಾದ ಒಂದು ಕೊಲ್ಲೀಲಿ ಮಾರೋಕೆ ಅಂತ ಕೂಡಿ ಹಾಕಿದ್ದ 11 ಓರ್ಕಾ, 87 ಬೆಲುಗಾ ತಿಮಿಂಗಿಲ ಸುದ್ದಿ ಆಗಿ ಮುಂದಿನ ವರ್ಷ ಬಿಡಬೇಕಾಯ್ತು.

ಹಾಗಾದ್ರೆ ನೀವು ಏನು ಮಾಡ್ಬೇಕು. ಹೋದ್ರೆ ಪಾಪ ಸುತ್ಕೊಳ್ಳುತ್ತೆ ಅಂತ ನಾನು ಹೇಳಲ್ಲ, ಪಾಪ ಪುಣ್ಯ ನನ್ನ ಇಲಾಖೆ ಅಲ್ಲ. ನಾನಾಗಿದ್ರೆ ಹೋಗ್ತಿರ್ಲಿಲ್ಲ, ಯಾಕಂದ್ರೆ ಏಳು ವರ್ಷದ ಮಗು ಕಲಿಯೋದು ಮೈಕಲ್ಲಿ ಹೇಳಿದ್ದನ್ನಲ್ಲ, ಕಣ್ಣಿಗೆ ಕಂಡಿದ್ದನ್ನ, ಅಂದ್ರೆ ಓರ್ಕಾ ಮೀನಿಗೋಸ್ಕರ ಜಿಗಿಯುತ್ತೆ ಅಂತ. ಪಾರ್ಕಿಗೆ ಹೋಗೋದೇ ಅಂತ ತೀರ್ಮಾನ ಆದ್ರೆ, ಗಾಯಗೊಂಡ ಸೀಲ್, ಸೀ ಲಯನ್‌ಗಳನ್ನ ಎತ್ತಿ ತಂದು ಆರೈಕೆ ಮಾಡಿ ವಾಪಸ್ ಕಡಲಿಗೆ ಬಿಡೋ ಕೆಲಸ ಅವರು ವರ್ಷಗಳಿಂದ ಮಾಡ್ತಿದ್ದಾರೆ, ಅದು ನಿಜವಾಗ್ಲೂ ಒಳ್ಳೇ ಕೆಲಸ, ಅದನ್ನ ತೋರಿಸಿ. ಆದ್ರೆ ಒಳಗೆ ಹೋದ ಮೇಲೆ ಓರ್ಕಾ ಬೇಡ ಅಂತ ಮಗುನ ಎಳ್ಕೊಂಡು ಬರೋದು ನಿಮ್ಮ ಕೈಲಿ ಆಗಲ್ಲ, ಹುಟ್ಟಿದ ಹಬ್ಬದ ದಿನ ಅಳಿಸಿದ ಹಾಗೆ ಆಗುತ್ತೆ.

ಅದಕ್ಕಿಂತ ದೋಣಿ ವಾಸಿ. ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ಸ್ಯಾನ್ ಡಿಯಾಗೋ ಕಡಲಿಗೆ ನೀಲಿ ತಿಮಿಂಗಿಲ ಬರುತ್ತೆ, ಭೂಮಿ ಮೇಲೆ ಇದುವರೆಗೆ ಬದುಕಿದ ಪ್ರಾಣಿಗಳಲ್ಲೇ ದೊಡ್ಡದು. ಡಾಲ್ಫಿನ್ ಹಿಂಡುಗಳಂತೂ ದೋಣಿ ಪಕ್ಕದಲ್ಲೇ ಬರ್ತವೆ. ಓರ್ಕಾ ಕಾಣೋದು ಅಲ್ಲಿ ಅಪರೂಪ, ಮಗುಗೆ ಆಸೆ ಹುಟ್ಟಿಸ್ಬೇಡಿ, ಏನೂ ಕಾಣದ ದಿನವೂ ಇರುತ್ತೆ, ನಾಗರಹೊಳೆ ಸಫಾರೀಲಿ ಬರೀ ಜಿಂಕೆ ನೋಡಿ ವಾಪಸ್ ಬಂದ ಹಾಗೆ. ದುಡ್ಡು ರಜೆ ಎರಡೂ ಇದ್ರೆ ಸಿಯಾಟಲ್ ಮೇಲ್ಗಡೆ ಸ್ಯಾನ್ ವಾನ್ ದ್ವೀಪದಲ್ಲಿ ಲೈಮ್ ಕಿಲ್ನ್ ಅಂತ ಒಂದು ಸರ್ಕಾರಿ ಪಾರ್ಕ್ ಇದೆ, ಬಂಡೆ ಮೇಲೆ ಕೂತ್ರೆ ಅದೃಷ್ಟ ಇದ್ದ ದಿನ ಕಾಡು ಓರ್ಕಾ ದಡದ ಹತ್ರಾನೇ ಹೋಗುತ್ತೆ. ದೋಣೀಲಿ ಹತ್ರ ಹೋಗೋಕೆ ಅಲ್ಲಿ ಬಿಗಿ ಕಾನೂನಿದೆ, ಯಾಕಂದ್ರೆ ಟೋಕಿಟೇ ಸೇರಿದ ಆ ಬಳಗದಲ್ಲಿ ಈಗ ಉಳಿದಿರೋದು ಎಪ್ಪತ್ತೈದರ ಆಸುಪಾಸು, ಆಗ ಮರಿಗಳನ್ನ ಹಿಡಿದಿದ್ದು, ಈಗ ಸಾಲ್ಮನ್ ಇಲ್ದಿರೋದು ಎರಡೂ ಸೇರಿ ಹಾಗಾಗಿದೆ.

ಮಗುಗೆ ಸುಳ್ಳು ಹೇಳ್ಬೇಡಿ, ಇವತ್ತು ರಜಾ ಅಂತೆಲ್ಲ. ಓರ್ಕಾದ ಅಜ್ಜಿ ಕಡಲಲ್ಲಿದ್ದಾಳೆ, ಅದು ಇಲ್ಲಿ ತೊಟ್ಟೀಲಿದೆ, ಅಷ್ಟು ಹೇಳಿ. ನೀವು ಸಾವಿರಾರು ಮೈಲಿ ದಾಟಿ ಅವನನ್ನ ನೋಡೋಕೆ ಹೋಗಿರೋ ಅಜ್ಜಿ ಅಲ್ವಾ, ಅವನಿಗೆ ಅರ್ಥ ಆಗುತ್ತೆ. ಅಪ್ಪನಿಗಿಂತ ಬೇಗ ಆದ್ರೂ ಆಗ್ಬೋದು.

ದೋಣಿ ಹತ್ತೋ ಮುಂಚೆ ವಾಂತಿ ಮಾತ್ರೆ ಅರ್ಧ ಮುಕ್ಕಾಲು ಗಂಟೆ ಮೊದ್ಲೇ ತಗೊಳ್ಳಿ, ಮಗು ಡೋಸ್ ಅಲ್ಲಿನ ಡಾಕ್ಟ್ರನ್ನ ಕೇಳಿ, ಜೂನ್ ಆದ್ರೂ ಬೆಳಿಗ್ಗೆ ಕಡಲ ಮೇಲೆ ನಮ್ಮ ಮಡಿಕೇರಿ ಥರ ಮಂಜು ಚಳಿ ಇರುತ್ತೆ, ಯಜಮಾನ್ರಿಗೆ ಸ್ವೆಟರ್ ಮರೀಬೇಡಿ.